ಬ್ರೇಕ್ ಕಂಟ್ರೋಲರ್ ಇದ್ದರೆ ಯಾವ ಟ್ರೇಲರ್ ಆದರೂ ನಿಲ್ಲುತ್ತದೆಯೇ? ಇಲ್ಲ

"ಪಿಕಪ್‌ಗೆ ಬ್ರೇಕ್ ಕಂಟ್ರೋಲರ್ ಕೂರಿಸಿದರೆ ಸಾಕು, ಯಾವ ಟ್ರೇಲರ್ ಕಟ್ಟಿಕೊಂಡಾದರೂ ಆಗುಂಬೆ ಘಾಟಿ ಇಳಿಯಬಹುದು" ಎಂಬ ಮಾತು ತೀರ್ಥಹಳ್ಳಿ ಕಡೆ ಓಡಾಡುತ್ತಿದೆ. ತಪ್ಪು, ಅಪಾಯವೂ ಹೌದು. ಕಂಟ್ರೋಲರ್ ಬ್ರೇಕ್ ಅಲ್ಲ; ಟ್ರೇಲರ್ ಚಕ್ರದ ಡ್ರಮ್ಮಿನೊಳಗಿರುವ ವಿದ್ಯುತ್ ಅಯಸ್ಕಾಂತಕ್ಕೆ ಕರೆಂಟು ಕಳಿಸುವ ಪೆಟ್ಟಿಗೆ. ಎಲೆಕ್ಟ್ರಿಕ್ ಬ್ರೇಕೇ ಇಲ್ಲದ ಟ್ರೇಲರ್‌ಗೆ ಅದರಿಂದ ಏನೂ ಆಗದು. ಕಂಟ್ರೋಲರ್ ಕೊಳ್ಳುವ ಮುನ್ನ ಟ್ರೇಲರ್ ಚಕ್ರ ಬಿಚ್ಚಿಸಿ ಆ ಬ್ರೇಕ್ ಇದೆಯೇ ನೋಡಿ.

ಕಂಟ್ರೋಲರ್‌ಗಳಲ್ಲಿ ಪ್ರೊಪೋರ್ಷನಲ್ ಬಗೆಯದನ್ನೇ ಆರಿಸಿ. ಗಾಡಿಯ ವೇಗ ಎಷ್ಟು ಬೇಗ ತಗ್ಗುತ್ತಿದೆ ಎಂದು ಅಳೆದು ಅದಕ್ಕೆ ತಕ್ಕಷ್ಟೇ ಟ್ರೇಲರ್ ಬ್ರೇಕ್ ಹಿಡಿಯುತ್ತದೆ. ಟೈಮ್ ಡಿಲೇ ಬಗೆಯದು ನೀವು ಮೆಲ್ಲಗೆ ತುಳಿದರೂ ಜೋರಾಗಿ ತುಳಿದರೂ ಮೊದಲೇ ಹೊಂದಿಸಿದಷ್ಟನ್ನೇ ಕೊಡುತ್ತದೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ, ಅದೂ ಜಡಿಮಳೆಯಲ್ಲಿ, ನಾನಂತೂ ಅದನ್ನು ನಂಬಲಾರೆ. ಬ್ಯಾಟರಿಯಿಂದ ಬರುವ ವಯರಿಗೆ ಸರ್ಕ್ಯೂಟ್ ಬ್ರೇಕರ್ ಕಡ್ಡಾಯ ಹಾಕಿಸಿ.