ಸುಮ್ನೆ ಹಾಡಪ್ಪಾ, ಮಾತಾಡಬೇಡ

ಹ್ಯೂಸ್ಟನ್‌ನಲ್ಲಿರುವ ನನ್ನ ಭಾಮೈದನಿಗೆ ಝ್ಯಾಕ್ ಬ್ರಯಾನ್ ಮೋಸ ಮಾಡಿದ್ದಾನೆ. ಕಥೆ ನಿಮಗೂ ಗೊತ್ತಿರುತ್ತೆ. 2025ರ ಅಕ್ಟೋಬರ್‌ನಲ್ಲಿ ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಧಾಟಿಯ ಹಾಡು ಹಾಡುವ ಈತ ಹೊಸ ಹಾಡಿನ ಒಂದು ತುಣುಕನ್ನು ಇನ್‌ಸ್ಟಾಗ್ರಾಂಗೆ ಹಾಕಿದ. ಅದರಲ್ಲಿ ವಲಸೆ ಪೊಲೀಸರು ಬಂದು ಮನೆ ಬಾಗಿಲು ಒಡೆಯುವ ಮಾತು ಬರುತ್ತದೆ. ಅಷ್ಟಕ್ಕೇ ಶ್ವೇತಭವನ, ಗೃಹಭದ್ರತಾ ಇಲಾಖೆಯ ಮಂತ್ರಿ, ಎಲ್ಲರೂ ಒಂದೇ ರಾತ್ರಿಯಲ್ಲಿ ಸಂಗೀತ ವಿಮರ್ಶಕರಾದರು. ದೇಶದಲ್ಲಿ ಬೇರೆ ಕೆಲಸ ಎಲ್ಲಾ ಮುಗಿದಿತ್ತು ಅನ್ಸುತ್ತೆ.

ಭಾಮೈದ ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದ. ಸಾರಾಂಶ ಇಷ್ಟೇ. "ಭಾವಾ, ಹಾಡೋರು ಹಾಡ್ಬೇಕು. ರಾಜಕೀಯ ಯಾಕೆ ಇವ್ರಿಗೆ?" ಇದನ್ನು ಹೇಳಿದವನು ಹನ್ನೊಂದು ವರ್ಷದಿಂದ ಗ್ರೀನ್ ಕಾರ್ಡ್ ಕ್ಯೂನಲ್ಲಿ ನಿಂತಿದ್ದಾನೆ. ನಮ್ಮ ರೇಷನ್ ಅಂಗಡಿ ಕ್ಯೂನಲ್ಲಿ ಚೀಲವನ್ನೋ ಕಲ್ಲನ್ನೋ ಇಟ್ಟು ಟೀ ಕುಡಿದು ಬರಬಹುದು. ಅಲ್ಲಿ ಆ ಸೌಲಭ್ಯವೂ ಇಲ್ಲ.

ಅವನಿಗೆ ಕಂಟ್ರಿ ಹುಚ್ಚು ಹಿಡಿದದ್ದು ಪಿಕಪ್ ಗಾಡಿ ಕೊಂಡ ಮೇಲೆ. ಆಮೇಲೆ ಹ್ಯಾಟ್ ಬಂತು. ಆಮೇಲೆ ಬೂಟು. ಅವನ ವಾದ ಏನೆಂದರೆ ಕಂಟ್ರಿ ಅಂದರೆ ಮಣ್ಣು, ನಾಯಿ, ಟ್ರಕ್ಕು, ಹೆಂಡ, ಬಿಟ್ಟು ಹೋದ ಹೆಂಡತಿ. ಇಂಥ ಪವಿತ್ರ ಜಾಗಕ್ಕೆ ಈ ಹೊಸಬರು ರಾಜಕೀಯ ತಂದು ಸುರೀತಿದ್ದಾರೆ.

ಹೌದಪ್ಪಾ, ಎಷ್ಟು ಹೊಸಬರು ಅಂತೀರಿ. ಕೆಂಟಕಿಯ ಕಲ್ಲಿದ್ದಲು ಗಣಿ ಕಾರ್ಮಿಕನ ಮಗಳು ಲೊರೆಟಾ ಲಿನ್. ಹದಿನೈದನೇ ವಯಸ್ಸಿಗೆ ಮದುವೆ, ಒಟ್ಟು ಆರು ಮಕ್ಕಳು. ಆ ಹೆಂಗಸು ಗರ್ಭನಿರೋಧಕ ಮಾತ್ರೆಯ ಮೇಲೆ ಒಂದು ಹಾಡು ಹಾಡಿದಳು. ಇನ್ನು ಬಸುರಿ ಬಟ್ಟೆ ಸಾಕು ಅನ್ನೋ ಧಾಟಿಯ, ನಗುನಗುತ್ತಾ ಗಂಡನಿಗೆ ಚುಚ್ಚುವ ಹಾಡು. ರೆಕಾರ್ಡ್ ಆಗಿ ಸುಮಾರು ಮೂರು ವರ್ಷ ಕಂಪನಿಯವರು ಅದನ್ನು ಮುಚ್ಚಿಟ್ಟುಕೊಂಡಿದ್ದರು. 1975ರಲ್ಲಿ ಹೊರಗೆ ಬಿಟ್ಟಾಗ ಎಷ್ಟೋ ರೇಡಿಯೋದವರು ಹಾಕಲ್ಲ ಅಂದರು. ಆದರೆ ಇದಕ್ಕೆ ಇಪ್ಪತ್ತು ವರ್ಷ ಮೊದಲೇ, 1955ರಲ್ಲಿ, ಇನ್ನೊಬ್ಬ ಕಂಟ್ರಿ ಹಾಡುಗಾರ ಜಾನಿ ಕ್ಯಾಶ್, ರೀನೋ ಊರಲ್ಲಿ ಒಬ್ಬನಿಗೆ ಗುಂಡು ಹೊಡೆದೆ, ಅವನು ಸಾಯೋದು ನೋಡೋಕೆ ಅಂತಾನೇ ಹೊಡೆದೆ ಅಂತ ಹಾಡಿದ್ದ. ಅದು ಸಂಸಾರಸ್ಥರ ಹಾಡು. ಮನುಷ್ಯನನ್ನು ಕೊಲ್ಲಬಹುದು. ಮಾತ್ರೆ ನುಂಗಬಾರದು.

ಇನ್ನು 2003. ಮಾರ್ಚ್ 10, ಲಂಡನ್ನಿನ ಒಂದು ವೇದಿಕೆ. ಇರಾಕ್ ಯುದ್ಧಕ್ಕೆ ಹತ್ತು ದಿನ ಬಾಕಿ. ಡಿಕ್ಸಿ ಚಿಕ್ಸ್ ಅನ್ನೋ ಮೂವರು ಹೆಂಗಸರ ಕಂಟ್ರಿ ತಂಡದ ಗಾಯಕಿ ನಟಾಲಿ ಮೇನ್ಸ್, ನಮಗೆ ಈ ಯುದ್ಧ ಬೇಡ, ಅಧ್ಯಕ್ಷರು ನಮ್ಮ ಟೆಕ್ಸಾಸಿನವರು ಅನ್ನೋದಕ್ಕೆ ನಾಚಿಕೆಯಾಗುತ್ತೆ ಅಂದಳು. ಒಂದೇ ಒಂದು ವಾಕ್ಯ. ನಮ್ಮ ಮನೆಯಲ್ಲಿ ಬೆಳಗ್ಗೆ ಕಾಫಿ ಲೇಟಾದರೆ ಇದಕ್ಕಿಂತ ಜಾಸ್ತಿ ಮಾತು ಬರುತ್ತೆ. ರೇಡಿಯೋದವರು ಹಾಡು ನಿಲ್ಲಿಸಿದರು. ಆಗ ಕಂಟ್ರಿ ಪಟ್ಟಿಯ ತುದಿಯಲ್ಲಿದ್ದದ್ದು ಅವರದೇ ಹಾಡು, ಅದೂ ಯುದ್ಧಕ್ಕೆ ಹೋಗಿ ವಾಪಸ್ ಬಾರದ ಸೈನಿಕನ ಹಾಡು. ಸೈನಿಕರಿಗೆ ಅವಮಾನವಾಯಿತು ಅಂತ ಸೈನಿಕನ ಹಾಡನ್ನೇ ತೆಗೆದು ಬಿಸಾಕಿದರು.

ಲೂಸಿಯಾನಾದಲ್ಲಿ ಅವರ ಸಿಡಿಗಳನ್ನೆಲ್ಲ ಗುಡ್ಡೆ ಹಾಕಿ ಟ್ರ್ಯಾಕ್ಟರ್ ಹತ್ತಿಸಿದರು. ಈ ಟ್ರ್ಯಾಕ್ಟರ್ ವಿಷಯ ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಸಿಡಿಗೆ ದುಡ್ಡು ಕೊಟ್ಟಾಗಿದೆ. ಅದು ಹಾಡಿದವರ ಜೇಬು ಸೇರಿ ಎಷ್ಟೋ ದಿನವಾಗಿದೆ. ಈಗ ಮೇಲೆ ಡೀಸೆಲ್ ಖರ್ಚು ಬೇರೆ. ನಮ್ಮ ಕಡೆಯೂ ಸುಗ್ಗಿಯಲ್ಲಿ ರಸ್ತೆ ತುಂಬ ಹುರುಳಿ, ರಾಗಿ ಹರವಿ, ಹೋಗೋ ಬರೋ ಬಸ್ಸು ಲಾರಿ ಕೈಲಿ ಬಿಟ್ಟಿ ಒಕ್ಕಣೆ ಮಾಡಿಸುತ್ತಾರೆ. ಬೈಕಿನವರು ಜಾರಿ ಬೀಳುತ್ತಾರೆ, ಬೈಯುತ್ತಾರೆ, ಹಬ್ಬದ ಹೊತ್ತಿಗೆ ಆ ರೈತನ ಮನೆಯಲ್ಲೇ ಕೂತು ಮುದ್ದೆ ಮುರಿಯುತ್ತಾರೆ. ಅಂದರೆ ಕೊನೆಗೆ ಒಂದಿಷ್ಟು ಕಾಳಾದರೂ ಸಿಗುತ್ತೆ. ಸಿಡಿ ಒಕ್ಕಣೆ ಮಾಡಿದ ಆ ಪುಣ್ಯಾತ್ಮರು ಸಂಜೆ ಮನೆಗೆ ಹೋಗಿ ಏನು ಕೇರಿದರೋ.

ಟೆಕ್ಸಾಸಿನ ಹಳೇ ಕಂಟ್ರಿ ಹಾಡುಗಾರ ವಿಲ್ಲಿ ನೆಲ್ಸನ್ ವಿಷಯ ಇನ್ನೂ ಮಜಾ. 2018ರಲ್ಲಿ ಆತ ಆಸ್ಟಿನ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಬೆಟೊ ಒರೂರ್ಕ್ ಪರವಾಗಿ ಹಾಡುತ್ತಾನೆ ಅಂದ ತಕ್ಷಣ ಒಂದಷ್ಟು ಅಭಿಮಾನಿಗಳು ಎದೆ ಹಿಡಿದುಕೊಂಡರು. ಅಯ್ಯೋ, ಇವನೂ ಆ ಕಡೆಯವನಾ? ಉದ್ದ ಜಡೆ ಬಿಟ್ಟುಕೊಂಡು, ಗಾಂಜಾ ಪರವಾಗಿ ದಶಕಗಟ್ಟಲೆ ಬಹಿರಂಗವಾಗಿ ವಾದ ಮಾಡಿ, 2006ರಲ್ಲೇ ಸಲಿಂಗಿ ಕೌಬಾಯ್‌ಗಳ ಮೇಲೆ ಹಾಡು ಬಿಟ್ಟ ಮುದುಕ. ದರ್ಶಿನಿಯಲ್ಲಿ ಇಪ್ಪತ್ತು ವರ್ಷ ಇಡ್ಲಿ ತಿಂದವನು ಒಂದು ದಿನ ತಟ್ಟೆ ತಳ್ಳಿ "ಏನ್ರೀ, ಇದರಲ್ಲಿ ಉದ್ದಿನಬೇಳೆ ಹಾಕ್ತೀರಾ?" ಅಂದ ಹಾಗಾಯಿತು.

ಆದರೆ ರಾಜಕೀಯ ಬೇಡ ಅನ್ನೋರಿಗೆ ಎಲ್ಲಾ ರಾಜಕೀಯವೂ ಬೇಡ ಅಂತೇನಲ್ಲ. 2023ರಲ್ಲಿ ಜೇಸನ್ ಆಲ್ಡೀನ್ ಒಂದು ಹಾಡು ಬಿಟ್ಟ. ಪಟ್ಟಣದಲ್ಲಿ ಮಾಡೋ ಪುಂಡಾಟವನ್ನು ನಮ್ಮ ಸಣ್ಣ ಊರಿನಲ್ಲಿ ಮಾಡಿ ನೋಡಿ, ಗೊತ್ತಾಗುತ್ತೆ ಅನ್ನೋ ಧಾಟಿ. ವೀಡಿಯೊದಲ್ಲಿ ಪ್ರತಿಭಟನೆಗಳ ದೃಶ್ಯ. ಹಿಂದೆ ಟೆನೆಸಿಯ ಕೊಲಂಬಿಯಾ ಊರಿನ ಕೋರ್ಟ್ ಕಟ್ಟಡ. 1927ರಲ್ಲಿ ಜನರ ಗುಂಪು ಒಬ್ಬ ಕಪ್ಪು ಹುಡುಗನನ್ನು ನೇಣು ಹಾಕಿದ್ದು ಅಲ್ಲೇ. ಹಾಡಿನಲ್ಲಿ ಕಪ್ಪು ಬಿಳಿ ಅನ್ನೋ ಮಾತೇ ಇಲ್ಲ ಅಂತ ಆತ ಹೇಳಿದ. ಒಂದು ಟಿವಿ ಚಾನೆಲ್ ವೀಡಿಯೊ ತೆಗೆಯಿತು. ಜನ ಮುಗಿಬಿದ್ದು ಕೊಂಡು ಹಾಡನ್ನು ಅಮೆರಿಕದ ನಂಬರ್ ಒನ್ ಮಾಡಿದರು. ನನ್ನ ಭಾಮೈದನೂ ಕೊಂಡ. ಇದು ರಾಜಕೀಯ ಅಲ್ವಾ ಅಂದೆ. "ಅಲ್ಲ ಭಾವಾ, ಇದು ಫೀಲಿಂಗು."

ಫೀಲಿಂಗು. ಆಯಿತು.

ಇಲ್ಲಿವರೆಗೆ ನಕ್ಕಿದ್ದಾಯಿತು. ಆದರೆ 2003ರ ಜುಲೈ 6ರಂದು ಡಲ್ಲಾಸ್‌ನಲ್ಲಿ ನಟಾಲಿ ಮೇನ್ಸ್ ಹಾಡಬೇಕಿತ್ತು. ಅವತ್ತೇ ವೇದಿಕೆಯ ಮೇಲೆ ಗುಂಡು ಹೊಡೆದು ಸಾಯಿಸುತ್ತೇವೆ ಅಂತ ಬೆದರಿಕೆ ಬಂದಿತ್ತು. ತಂಡದವರು ಹೋದರು, ಹಾಡಿದರು, ಪೊಲೀಸ್ ಕಾವಲಿನಲ್ಲಿ ಊರು ಬಿಟ್ಟರು. ಆಕೆಗೆ ಆಗ ಪುಟ್ಟ ಮಗುವಿತ್ತು. ಯಾವ ಅಸ್ತ್ರಗಳಿವೆ ಅಂತ ಯುದ್ಧಕ್ಕೆ ಹೋದರೋ ಆ ಅಸ್ತ್ರಗಳು ಇರಾಕಿನಲ್ಲಿ ಸಿಗಲೇ ಇಲ್ಲ. ಸುಳ್ಳು ಹೇಳಿದವರು ಪಿಂಚಣಿ ತಗೊಂಡು ಆರಾಮಾಗಿದ್ದರು. ನಿಜ ಹೇಳಿದ ಹೆಂಗಸು ಕ್ಷಮೆ ಕೇಳಬೇಕಾಯಿತು. 2007ರಲ್ಲಿ ಐದು ಗ್ರ್ಯಾಮಿ ಕೊಟ್ಟರು, ಸರಿ. ಕಂಟ್ರಿ ರೇಡಿಯೋ ಬಾಗಿಲು ಮಾತ್ರ ಮೊದಲಿನ ಹಾಗೆ ತೆರೆಯಲೇ ಇಲ್ಲ. ವಿಲ್ಲಿ ಅಜ್ಜ ಅದೇ ಮಾತಾಡಿದರೆ ಮುದುಕನ ತಮಾಷೆ. ಹೆಣ್ಣುಮಗಳು ಆಡಿದರೆ ಟ್ರ್ಯಾಕ್ಟರ್. ನನಗಂತೂ ಇದನ್ನು ಹೇಳಿ ಹೇಳಿ ಸುಸ್ತಾಗಿದೆ.

ಹೋಗಲಿ ಬಿಡಿ. ಮೊನ್ನೆ ಭಾನುವಾರ ವೀಡಿಯೊ ಕಾಲ್ ಮಾಡಿದಾಗ ಭಾಮೈದ ಗಾಡಿಯಲ್ಲಿ ಕೂತಿದ್ದ. ಜಾನಿ ಕ್ಯಾಶ್ ಚಿತ್ರದ ಕಪ್ಪು ಟೀಶರ್ಟು. "ಆತ ಯಾಕೆ ಯಾವಾಗ್ಲೂ ಕಪ್ಪು ಹಾಕ್ತಿದ್ದ, ಗೊತ್ತೇನೋ?" ಅಂತ ಕೇಳಿದೆ.

"ಕೊಳೆ ಕಾಣಲ್ವಲ್ಲ ಭಾವಾ."

ಬಡವರಿಗಾಗಿ, ಶಿಕ್ಷೆ ಮುಗಿದರೂ ಜೈಲಲ್ಲೇ ಕೊಳೆಯುವವರಿಗಾಗಿ ಕಪ್ಪು ಹಾಕ್ತೀನಿ ಅಂತ 1971ರಲ್ಲೇ ಆತ ಒಂದು ಹಾಡು ತುಂಬ ವಿವರಿಸಿದ್ದಾನೆ ಕಣೋ ಅಂದೆ. 1964ರಲ್ಲಿ ಅಮೆರಿಕದ ಮೂಲನಿವಾಸಿ ಸೈನಿಕನೊಬ್ಬನ ಮೇಲೆ ಮಾಡಿದ ಹಾಡನ್ನು ರೇಡಿಯೋದವರು ಹಾಕದಿದ್ದಾಗ, ಬಿಲ್‌ಬೋರ್ಡ್ ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟು ನಿಮ್ಮ ಗುಂಡಿಗೆ ಎಲ್ಲಿ ಹೋಯ್ತು ಅಂತ ಕೇಳಿದ್ದನ್ನೂ ಹೇಳಿದೆ. ಅವನು ಟೀಶರ್ಟನ್ನು ಒಮ್ಮೆ ಬಗ್ಗಿ ನೋಡಿಕೊಂಡ. ಆ ಕಡೆ ಯಾರೋ ಹಾರ್ನ್ ಹೊಡೆದರು.

"ಪೇಪರ್ಸ್ ಎಲ್ಲಾ ಹುಷಾರಾಗಿದೆ ತಾನೇ?" ಅಂದೆ, ಸುಮ್ನೆ ಮಾತು ಬದಲಿಸೋಕೆ.

"ಹೂಂ ಭಾವಾ. ಪಾಸ್‌ಪೋರ್ಟ್, ವೀಸಾ, ಆಫೀಸ್ ಲೆಟರ್, ಎಲ್ಲಾ ಡ್ಯಾಶ್‌ಬೋರ್ಡಲ್ಲೇ ಇಟ್ಕೊಂಡಿದ್ದೀನಿ. ಮನೇಲೂ ಒಂದು ಸೆಟ್ ಜೆರಾಕ್ಸು, ಬಾಗಿಲ ಪಕ್ಕದಲ್ಲೇ. ಯಾವುದಕ್ಕೂ ಇರ್ಲಿ ಅಂತ."

ಹಿಂದೆ ರೇಡಿಯೋದಲ್ಲಿ ಯಾರೋ ನಾಯಿ, ಟ್ರಕ್ಕು ಅಂತ ಹಾಡುತ್ತಿದ್ದರು. ಅವನು ವಾಲ್ಯೂಮ್ ಜಾಸ್ತಿ ಮಾಡಿದ.