ಮಣ್ಣು ಬೇಡವೆನ್ನುವ ಗಿಡ

ಗಿಡ ಅಂದಮೇಲೆ ಮಣ್ಣು ಬೇಕು ಎಂದೇ ನಂಬಿದ್ದೆ. ಮೊದಲ ಆರ್ಕಿಡ್ ಮನೆಗೆ ಬಂದಾಗ ಕುಂಡದಲ್ಲಿ ಬರೀ ತೊಗಟೆ ಚೂರು. ಅಯ್ಯೋ ಪಾಪ, ಅರೆಹೊಟ್ಟೆಯಲ್ಲಿ ಇಟ್ಟಿದ್ದಾರೆ ಎನ್ನಿಸಿ, ಕೆಮ್ಮಣ್ಣಿಗೆ ಗೊಬ್ಬರ ಬೆರೆಸಿ ನೆಟ್ಟೆ. ದಿನಾ ನೀರು ಬೇರೆ. ಎರಡೇ ತಿಂಗಳಲ್ಲಿ ಎಲೆಗಳು ಹಳದಿಯಾಗಿ ಕಳಚಿಬಿದ್ದವು. ಕಿತ್ತು ನೋಡಿದರೆ ಬೇರೆಲ್ಲ ಕೊಳೆತು ಲೋಳೆ.

ಅದು ಫೆಲನಾಪ್ಸಿಸ್. ಕಾಡಿನಲ್ಲಿ ಮರದ ಕೊಂಬೆಗೆ ಅಂಟಿಕೊಂಡು ಬದುಕುವ ಜಾತಿ. ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ, ಸುಮ್ನೆ ಕೂರಲು ಜಾಗ ಸಿಕ್ಕರೆ ಸಾಕು. ಮಳೆಗೆ ನೆನೆದು ಗಾಳಿಗೆ ಒಣಗುವ ಬೇರನ್ನು ನಾನು ಕೆಸರಿನಲ್ಲಿ ಹೂತಿದ್ದೆ.

ಈಗಿರುವುದು ಎರಡನೆಯದು. ಬಂದು ಎರಡು ವರ್ಷವಾಯಿತು. ತೊಗಟೆಯೂ ಪುಡಿಯಾಗಿ ಹೆಚ್ಚುಕಡಿಮೆ ಮಣ್ಣೇ ಆಗಿತ್ತು. ಕೊನೆಯ ಹೂ ಉದುರುವ ತನಕ ಕಾದು, ಹೊಸ ತೊಗಟೆಯನ್ನು ರಾತ್ರಿಯಿಡೀ ನೆನೆಸಿಟ್ಟು, ಬೆಳಿಗ್ಗೆ ತೊಗಟೆ ಬದಲಿಸಲು ಕೂತೆ. ಗಿಡ ಬರಬೇಕಲ್ಲ! ಬೇರುಗಳು ಹಲ್ಲಿಯ ಹಾಗೆ ಕುಂಡದ ಗೋಡೆ ಹಿಡಿದಿದ್ದವು. ನೀರಿನಲ್ಲಿ ಮುಳುಗಿಸಿ, ಪ್ಲಾಸ್ಟಿಕ್ ಕುಂಡವನ್ನು ಸುತ್ತಲೂ ಹಿಸುಕಿದ ಮೇಲೆ ಸಡಿಲವಾಯಿತು. ಬೂದಿ ಬಣ್ಣದ ಬೇರು ನೀರು ಸೋಕುತ್ತಲೇ ಹಸಿರಾಗುವುದನ್ನು ನೋಡುತ್ತ, ಕೆಲಸ ಮರೆತು ಕೂತುಬಿಟ್ಟೆ. ಬೇರಿನ ಮೇಲಿನ ಸ್ಪಂಜಿನಂಥ ಪದರ ನೀರು ಕುಡಿದಾಗ ಒಳಗಿನ ಹಸಿರು ಕಾಣುತ್ತದೆ. ಸತ್ತ ಬೇರೂ ಸುಲಭಕ್ಕೆ ತಿಳಿಯುತ್ತದೆ. ಬೆರಳಲ್ಲಿ ಎಳೆದರೆ ಸಿಪ್ಪೆ ಕಾಲುಚೀಲದಂತೆ ಜಾರಿ, ದಾರದಂಥ ಎಳೆ ಉಳಿಯುತ್ತದೆ. ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಅವನ್ನೆಲ್ಲ ತೆಗೆದೆ. ಆ ಭರದಲ್ಲಿ ಒಂದು ಗಟ್ಟಿ ಬೇರೂ ಕಚಕ್ ಎಂದಿತು. ಯಾರೂ ನೋಡಲಿಲ್ಲ.

‘ಅಪ್ಪಾ, ದೊಡ್ಡ ಕುಂಡಕ್ಕೆ ಹಾಕಬಹುದಿತ್ತು ಅಲ್ವಾ?’ ಎಂದಳು ಮಗಳು. ಬೆಳೆಯುವ ಮಗುವಿಗೆ ಒಂದಳತೆ ದೊಡ್ಡ ಅಂಗಿ ತರುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕುಂಡ ದೊಡ್ಡದಾದರೆ ನಡುವಿನ ತೊಗಟೆ ಬೇಗ ಒಣಗದು. ಹಳೆಯ ಅಳತೆಯದಕ್ಕೇ ತುಂಬಿದೆ. ಒಂದು ದಪ್ಪ ಬೇರು ಮಾತ್ರ ಎಷ್ಟು ಬಗ್ಗಿಸಿದರೂ ಒಳಗೆ ಹೋಗಲಿಲ್ಲ. ಅದು ಈಗಲೂ ಗಾಳಿಯಲ್ಲೇ ಇದೆ.

ಕತ್ತರಿಸಿದ ಗಾಯ ಒಣಗುವ ತನಕ, ಕೆಲವು ದಿನ ನೀರು ಹಾಕಬಾರದು. ಕಷ್ಟ ಇರುವುದೇ ಇಲ್ಲಿ. ಚೊಂಬು ಹಿಡಿದು ಹೋಗುತ್ತೇನೆ, ನೆನಪಾಗುತ್ತದೆ, ಪಕ್ಕದ ಮಲ್ಲಿಗೆಗೆ ಸುರಿದು ಬರುತ್ತೇನೆ. ಮೂರು ದಿನದಿಂದ ಮಲ್ಲಿಗೆ ಕೆಸರಿನಲ್ಲಿ ನಿಂತಿದೆ.