ದೇವರಿಗೆ ಶೇ. 9, ಮ್ಯೂನಿಕ್‌ನಲ್ಲಿ ಶೇ. 8

ಮಂಗಳೂರಿನಿಂದ ಜರ್ಮನಿಯ ಮ್ಯೂನಿಕ್‌ಗೆ ಕೆಲಸಕ್ಕೆ ಹೋದ ಕ್ಯಾಥೊಲಿಕ್ ಹುಡುಗ ಇಗರ್ಜಿಯ ಮೆಟ್ಟಿಲು ಹತ್ತುವ ಮುಂಚೆ ವಿಳಾಸ ನೋಂದಣಿ ಕಚೇರಿಯ ಮೆಟ್ಟಿಲು ಹತ್ತಬೇಕು. ಹೆಸರು, ಹುಟ್ಟಿದ ತಾರೀಕು, ಬಾಡಿಗೆ ಮನೆ ಎಲ್ಲ ತುಂಬಿದ ಮೇಲೆ ಫಾರಂನಲ್ಲಿ ಒಂದು ಪುಟ್ಟ ಖಾನೆ: ಧರ್ಮ. ಸುಳ್ಳು ಹೇಳಬಾರದೆಂದು ಕಲಿತವನು, ಇದ್ದದ್ದನ್ನೇ ಬರೆಯುತ್ತಾನೆ. ತಿಂಗಳು ಮುಗಿಯುವಷ್ಟರಲ್ಲಿ ಸಂಬಳದ ಚೀಟಿಯಲ್ಲಿ 'ಆರ್‌ಕೆ' ಎಂಬ ಎರಡಕ್ಷರ ಬಂದಿರುತ್ತದೆ. ರೋಮನ್ ಕ್ಯಾಥೊಲಿಕ್ ಎಂದರ್ಥ. ಅದರ ಜೊತೆಗೇ ಒಂದು ಕಡಿತ: ಚರ್ಚ್ ತೆರಿಗೆ. ಪಕ್ಕದ ಮೇಜಿನ ಮಂಡ್ಯದ ಹುಡುಗನ ಚೀಟಿಯಲ್ಲಿ ಅದೇ ಜಾಗದಲ್ಲಿ ಎರಡು ಅಡ್ಡಗೆರೆ. ಧರ್ಮಸಂಕಟ ಎಂಬ ಪದದ ನಿಜವಾದ ಅರ್ಥ ಇವನಿಗೆ ಹೊಳೆಯುವುದು ಆಗಲೇ.

ಲೆಕ್ಕ ಸುಲಭ. ಚರ್ಚ್ ತೆರಿಗೆ ಬೀಳುವುದು ಆದಾಯ ತೆರಿಗೆಯ ಮೇಲೆ, ಅಂದರೆ ತೆರಿಗೆಗೆ ತೆರಿಗೆ. ಮ್ಯೂನಿಕ್ ಇರುವ ಬವೇರಿಯಾ ಮತ್ತು ಬಾಡೆನ್-ವ್ಯೂರ್ಟೆಂಬರ್ಗ್‌ನಲ್ಲಿ ಶೇ. 8, ಉಳಿದ ರಾಜ್ಯಗಳಲ್ಲಿ ಶೇ. 9. ವರ್ಷಕ್ಕೆ 10,000 ಯೂರೊ ಆದಾಯ ತೆರಿಗೆ ಕಟ್ಟುವವನಿಗೆ ಮ್ಯೂನಿಕ್‌ನಲ್ಲಿ ಮೋಕ್ಷ 800 ಯೂರೊ, ಬರ್ಲಿನ್‌ನಲ್ಲಿ 900. ಈ ಏರ್ಪಾಡು ಜರ್ಮನ್ ಗಣರಾಜ್ಯದ 1919ರ ವೈಮಾರ್ ಸಂವಿಧಾನದಲ್ಲಿತ್ತು, 1949ರ ಸಂವಿಧಾನ ಅದನ್ನು ಹಾಗೇ ಎತ್ತಿಟ್ಟುಕೊಂಡಿತು. ವಸೂಲಿ ಸರಕಾರದ ತೆರಿಗೆ ಇಲಾಖೆಯದು, ಅದಕ್ಕೆ ಕಮಿಷನ್ನೂ ಉಂಟು. ದುಡ್ಡು ಕೊಟ್ಟು ಪಾಪಕ್ಷಮೆ ಕೊಳ್ಳುವುದರ ವಿರುದ್ಧ 1517ರಲ್ಲಿ ಸಿಡಿದೆದ್ದವನು ಇದೇ ನಾಡಿನ ಲೂಥರ್. ಇಂದು ಅವನ ಹೆಸರು ಹೇಳುವ ಪ್ರೊಟೆಸ್ಟೆಂಟ್ ಸಭೆಗಳೂ ಪೋಪನ ಕ್ಯಾಥೊಲಿಕ್ ಸಭೆಯೂ ಒಂದೇ ಗುಮಾಸ್ತನ ಕೈಯಿಂದ ಒಂದೇ ದರದಲ್ಲಿ ಪಾಲು ಪಡೆಯುತ್ತವೆ. ದೇವಶಾಸ್ತ್ರಜ್ಞರು ಐನೂರು ವರ್ಷ ಕೂತು ಮಾತಾಡಿಯೂ ಸಾಧಿಸದ ಐಕ್ಯ ಇದು.

ಸ್ವಾರಸ್ಯ ಇರುವುದು ಯಾರು ಕಟ್ಟುತ್ತಾರೆ ಎಂಬುದರಲ್ಲಿ. ಆದಾಯ ತೆರಿಗೆ ಬೀಳದಷ್ಟು ಸಣ್ಣ ಪಿಂಚಣಿಯ ಅಜ್ಜಿ ಪ್ರತಿ ಭಾನುವಾರ ಮೊದಲ ಬೆಂಚಿನಲ್ಲಿ ಕೂತಿರುತ್ತಾಳೆ. ಅವಳ ಚರ್ಚ್ ತೆರಿಗೆ ಸೊನ್ನೆ. ಕ್ರಿಸ್‌ಮಸ್‌ಗೂ ಮುಖ ತೋರಿಸದ ಎಂಜಿನಿಯರ್ ತಿಂಗಳು ತಿಂಗಳೂ ಕಟ್ಟುತ್ತಾನೆ. ಅಜ್ಜಿಯ ಕಾಲು ಬೆಚ್ಚಗಿಡುವ ಹೀಟರು ಉರಿಯುವುದು ಬಾರದವನ ದುಡ್ಡಿನಲ್ಲಿ. ಪುನರುತ್ಥಾನವನ್ನು ನಂಬುತ್ತೀಯಾ ಎಂದು ಯಾವ ಫಾರಂ ಕೂಡ ಅವನನ್ನು ಕೇಳುವುದಿಲ್ಲ. ಸತ್ಯ ಒಂದೇ ಅಲ್ಲ, ಅವರವರಿಗೆ ಅವರವರ ಸತ್ಯ ಎಂದು ವೇದಿಕೆಯಿಂದಲೇ ಹೇಳುವ ಕಾಲ. ಶೇಕಡಾವಾರು ಮಾತ್ರ ಒಂದು ರಾಜ್ಯದೊಳಗೆ ಎಲ್ಲರಿಗೂ ಒಂದೇ ಸತ್ಯ.

2015ರಿಂದ ಬ್ಯಾಂಕೂ ಈ ಸೇವೆಗೆ ಸೇರಿಕೊಂಡಿದೆ. ಪ್ರತಿ ವರ್ಷ ಸೆಪ್ಟೆಂಬರ್ 1ರಿಂದ ಅಕ್ಟೋಬರ್ 31ರೊಳಗೆ ಅದು ಕೇಂದ್ರ ತೆರಿಗೆ ಕಚೇರಿಯನ್ನು ಕೇಳಿ ಗ್ರಾಹಕನ ಧರ್ಮ ತಿಳಿದುಕೊಳ್ಳುತ್ತದೆ. ಉತ್ತರ ಬರುವುದು ಸಂಖ್ಯೆಯ ರೂಪದಲ್ಲಿ, ಗೌಪ್ಯ ನೋಡಿ! ಠೇವಣಿಯ ಬಡ್ಡಿಯಿಂದ ದೇವರ ಪಾಲು ತಾನಾಗಿಯೇ ಕಳಚಿಕೊಳ್ಳುತ್ತದೆ. ಬ್ಯಾಂಕಿಗೆ ತಿಳಿಯಬಾರದು ಎನ್ನುವವರು ಜೂನ್ 30ರೊಳಗೆ ತಡೆ ಅರ್ಜಿ ಹಾಕಬೇಕು. ಹಾಕಿದರೆ ತೆರಿಗೆ ತಪ್ಪೀತು ಎಂದುಕೊಳ್ಳಬೇಡಿ, ವಾರ್ಷಿಕ ಲೆಕ್ಕದಲ್ಲಿ ನೀವೇ ಒಪ್ಪಿಸಬೇಕು.

ಇನ್ನು ತೆರಿಗೆ ಬೇಡವೆಂದು ಸಭೆಯನ್ನೇ ಬಿಡುವ ವಿಧಿ. ಮನಸ್ಸಿನಲ್ಲಿ ಬಿಟ್ಟರೆ ನಡೆಯದು, ಪಾದ್ರಿಯವರಿಗೆ ಹೇಳಿದರೂ ಸಾಲದು, ಇಮೇಲ್ ಅಂತೂ ಲೆಕ್ಕಕ್ಕೇ ಇಲ್ಲ. ಬವೇರಿಯಾದಲ್ಲಾದರೆ ಜನನ-ಮರಣ ನೋಂದಣಿ ಕಚೇರಿ, ಕೊಲೋನ್ ಇರುವ ರಾಜ್ಯದಲ್ಲಾದರೆ ಸ್ಥಳೀಯ ಕೋರ್ಟು. ಗುರುತಿನ ಚೀಟಿ ಹಿಡಿದು ಖುದ್ದಾಗಿ ಹೋಗಿ (ಇಲ್ಲವೇ ನೋಟರಿಯ ಮೂಲಕ), ಶುಲ್ಕ ಕಟ್ಟಿ ಸಹಿ ಹಾಕಬೇಕು. ಹದಿನಾಲ್ಕು ತುಂಬಿದವನು ಅಪ್ಪ ಅಮ್ಮನ ಒಪ್ಪಿಗೆಯಿಲ್ಲದೆ ಹೋಗಬಹುದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ತನಿಖಾ ವರದಿಯನ್ನು ಕೊಲೋನ್ ಮಹಾಧರ್ಮಪ್ರಾಂತ್ಯ ತಡೆಹಿಡಿದ ಮೇಲೆ, 2021ರಲ್ಲಿ ಅಲ್ಲಿನ ಕೋರ್ಟು ಸಭೆ ಬಿಡುವವರಿಗೆ ಕೊಡುವ ತಿಂಗಳ ಸರದಿಯನ್ನು (ಅಪಾಯಿಂಟ್ಮೆಂಟು) 1,000ದಿಂದ 1,500ಕ್ಕೆ ಏರಿಸಬೇಕಾಯಿತು. ಆದರೂ ಸಾಲಲಿಲ್ಲ, ತತ್ಕಾಲ್ ಟಿಕೆಟ್ಟಿನ ಹಾಗೆ ಬಿಟ್ಟ ಕೂಡಲೇ ಖಾಲಿ. ಮರುವರ್ಷ ದೇಶದಲ್ಲಿ ಐದು ಲಕ್ಷಕ್ಕೂ ಹೆಚ್ಚು ಕ್ಯಾಥೊಲಿಕರು ಹೊರನಡೆದರು.

ಹೊರಟವನಿಗೆ ಧರ್ಮಕೇಂದ್ರದಿಂದ, ಅಂದರೆ ಅವನ ಬಡಾವಣೆಯ ಇಗರ್ಜಿಯಿಂದ, ಕಾಗದ ಬರುತ್ತದೆ. ಇಪ್ಪತ್ತು ವರ್ಷ ಸುಮ್ಮನೆ ಕಟ್ಟುತ್ತಿದ್ದಾಗ ಒಂದು ಸಾಲೂ ಬಂದಿರಲಿಲ್ಲ! ಬನ್ನಿ, ಕೂತು ಮಾತಾಡೋಣ ಎಂಬ ಆಹ್ವಾನ, ಕೆಳಗೆ ಪರಿಣಾಮಗಳ ವಿವರ. 2012ರ ಸೆಪ್ಟೆಂಬರ್ 24ರಿಂದ ಜಾರಿಯಾದ ಬಿಷಪರ ಆಜ್ಞೆಯಂತೆ ಪಾಪನಿವೇದನೆ ಇಲ್ಲ, ಪರಮಪ್ರಸಾದ ಇಲ್ಲ, ಮಗುವಿನ ಜ್ಞಾನಸ್ನಾನಕ್ಕೆ (ಬ್ಯಾಪ್ಟಿಸಂ) ಧರ್ಮಪಿತನಾಗಿ ನಿಲ್ಲುವಂತಿಲ್ಲ. ಪಶ್ಚಾತ್ತಾಪದ ಸುಳಿವು ಕೊಡದೆ ಸತ್ತರೆ ಚರ್ಚಿನ ಅಂತ್ಯಸಂಸ್ಕಾರವನ್ನೂ ನಿರಾಕರಿಸಬಹುದು. ಎರಡೇ ದಿನಕ್ಕೆ ಲೈಪ್‌ಜಿಗ್‌ನ ಸರ್ವೋಚ್ಚ ಆಡಳಿತ ನ್ಯಾಯಾಲಯದ ತೀರ್ಪೂ ಬಂತು. 'ನನ್ನ ನಂಬಿಕೆ ಇರಲಿ, ತೆರಿಗೆಯ ಸಂಸ್ಥೆ ಮಾತ್ರ ಬೇಡ' ಎಂದು ಸಭೆ ಬಿಟ್ಟಿದ್ದವರು ಒಬ್ಬ ಧರ್ಮಶಾಸನದ (ಚರ್ಚ್ ಕಾನೂನಿನ) ಪ್ರಾಧ್ಯಾಪಕರೇ. ಬಿಟ್ಟರೆ ಪೂರ್ತಿ ಬಿಡಿ ಎಂದಿತು ಕೋರ್ಟು.

ಕೊನೆಗೊಂದು ಎಚ್ಚರಿಕೆ. ಕಚೇರಿ ಕೊಡುವ ನಿರ್ಗಮನ ಪತ್ರವನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಳ್ಳಿ. ಊರು ಬದಲಿಸಿದಾಗ 'ನೀವು ಬಿಟ್ಟದ್ದಕ್ಕೆ ದಾಖಲೆ ಏನು?' ಎಂದು ಕೇಳಿಯಾರು, ತೋರಿಸಬೇಕಾದವರು ನೀವೇ. ಜ್ಞಾನಸ್ನಾನದ ಕಾಗದ ಕಳೆದರೆ ಚಿಂತೆಯಿಲ್ಲ, ಅದು ಇಗರ್ಜಿಯ ದಪ್ಪ ಪುಸ್ತಕದಲ್ಲಿ ಭದ್ರವಾಗಿರುತ್ತದೆ.